ನರವಿಜ್ಞಾನದ ವಾಚನಗೋಷ್ಠಿಗಳು

ಮಿದುಳು ಮತ್ತು ನರಮಂಡಲಗಳ ಶಾಸ್ತ್ರವನ್ನು ವ್ಯಾಸಂಗಮಾಡುವ ವಿದ್ಯಾರ್ಥಿಗಳು ವಾರಕ್ಕೊಮ್ಮೆಯೋ ಪಕ್ಷಕ್ಕೊಮ್ಮೆಯೋ ಒಂದೆಡೆ ಕಲೆತು, ಪ್ರಕಟವಾದ ಒಂದು ಸಂಶೋಧನಲೇಖನವನ್ನು ಆದ್ಯಂತವಾಗಿ ವಿಮರ್ಶಿಸುವ ಪದ್ಧತಿಯು ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ರೂಢಿಯಾಗಿದೆ. ಇಂಥ ಕೂಟಕ್ಕೆ ಜರ್ನಲ್ ಕ್ಲಬ್ ಎಂದು ಹೆಸರು. ಇದನ್ನು ಪತ್ರಿಕಾಗೋಷ್ಠಿಯೆಂದು ಕನ್ನಡಿಸಬಹುದಾಗಿದ್ದಿತು. ಆದರೆ ಆ ಮಾತನ್ನು ಸುದ್ದಿಗಾರರು ಮೊದಲೇ ತಮ್ಮದಾಗಿಸಿಕೊಂಡಿರುವುದರಿಂದ ವಾಚನಗೋಷ್ಠಿಯೆಂಬ ಹೆಸರೇ ಇಲ್ಲಿಗೆ ಸಾಕು.

ಈ ಗೋಷ್ಠಿಗಳ ಹುಟ್ಟಿಗೆ ಪಾಂಡಿತ್ಯಕ್ಕಿಂತ ಅನನುಕೂಲತೆಯೇ ಹೆಚ್ಚಿನ ಕಾರಣವೆನ್ನಬೇಕು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಕೆಲವು ವಿದ್ಯಾರ್ಥಿಗಳು ಆಸ್ಪತ್ರೆಯ ಬಾಗಿಲ ಬಳಿ, ರೊಟ್ಟಿಯಂಗಡಿಯೊಂದರ ಮೇಲಣ ಚಿಕ್ಕ ಕೋಣೆಯಲ್ಲಿ ಸೇರಿ ವೈದ್ಯಪತ್ರಿಕೆಗಳನ್ನು ಓದುತ್ತಿದ್ದರೆಂದು ಸರ್ ಜೇಮ್ಸ್ ಪ್ಯಾಜೆಟರು ಸ್ಮರಿಸಿದ್ದಾರೆ. ಸಂಜೆಯಾದರೆ ಅಲ್ಲಿಯೇ ಕೆಲವರ ಇಸ್ಪೀಟಾಟವೂ ನಡೆಯುತ್ತಿದ್ದಿತಂತೆ. 1875ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಆಸ್ಲರ್ ಎಂಬ ತರುಣ ಅಧ್ಯಾಪಕರು ಇಂಥದೇ ಗೋಷ್ಠಿಯನ್ನು ಏರ್ಪಡಿಸಿದುದಕ್ಕೂ, ಒಬ್ಬೊಬ್ಬರೇ ಕೊಳ್ಳಲಾರದ ಪತ್ರಿಕೆಗಳನ್ನು ಹಲವರು ಕೂಡಿ ತರಿಸಿಕೊಳ್ಳಬೇಕೆಂಬುದೇ ಪ್ರೇರಣೆ. ಕೂಡಿ ಕೊಂಡುದನ್ನು ಕೂಡಿ ಓದುವ ಅಭ್ಯಾಸವು ಆಮೇಲೆ ಬೆಳೆಯಿತು.

ಈಗಿನ ಕ್ರಮವು ಸರಳವಾದುದು. ಲೇಖನವನ್ನು ಕೆಲವು ದಿನ ಮೊದಲೇ ಎಲ್ಲರಿಗೂ ಹಂಚುವರು. ಒಬ್ಬ ವಿದ್ಯಾರ್ಥಿಯು ಅದರ ಚಿತ್ರಗಳನ್ನು ಒಂದೊಂದಾಗಿ ಗೋಡೆಯ ಮೇಲೆ ತೋರಿಸುತ್ತ ಇದರಿಂದ ಸಿದ್ಧವಾಗುವುದೇನೆಂದು ನಿರೂಪಿಸುವನು. ಉಳಿದವರು ನಡುನಡುವೆ ಪ್ರಶ್ನಿಸುವರು. ಎಷ್ಟು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು? ಹೋಲಿಕೆಗೆ ಇಟ್ಟುಕೊಂಡ ಗುಂಪು ಯಾವುದು? ಇದೇ ಫಲವು ಬೇರೊಂದು ಕಾರಣದಿಂದ ಬರಲಾರದೆ? ಬಲ್ಲ ಗೋಷ್ಠಿಗಳಲ್ಲಿ ಲೇಖಕನ ಉಪಸಂಹಾರವನ್ನು ಕಡೆಗೆ ಓದುವರು. ಟೀಕೆಯನ್ನಷ್ಟೆ ಓದಿ ಮೂಲವನ್ನು ಬಲ್ಲೆನೆನ್ನುವುದು ಕಾವ್ಯದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಅಪಾಯಕರ.

ಇದಕ್ಕೆ ಆ ಮೆಕ್‌ಗಿಲ್ ವಿಶ್ವವಿದ್ಯಾನಿಲಯಕ್ಕೇ ಸಂಬಂಧಿಸಿದ ಒಂದು ಲೇಖನವು ಒಳ್ಳೆಯ ನಿದರ್ಶನ. ಮೂರ್ಛಾರೋಗದಿಂದ ಬಳಲುತ್ತಿದ್ದ ಎಚ್. ಎಂ. ಎಂಬ ರೋಗಿಗೆ 1953ರಲ್ಲಿ ಅಮೆರಿಕದ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮಿದುಳಿನ ಎರಡು ಪಕ್ಕಗಳಿಂದಲೂ ಹಿಪೊಕ್ಯಾಂಪಸ್ ಎಂಬ ಭಾಗವನ್ನು ತೆಗೆದುಹಾಕಿದರು. ಮೂರ್ಛೆಯು ತಗ್ಗಿತು, ಆದರೆ ಅಂದಿನಿಂದ ಹೊಸದೇನೂ ರೋಗಿಯ ನೆನಪಿನಲ್ಲಿ ನಿಲ್ಲದಾಯಿತು. 1955ರಲ್ಲಿ ಮಾಂಟ್ರಿಯಲ್ಲಿನಿಂದ ಬಂದ ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಪರೀಕ್ಷಿಸಿದಾಗ, ಅವರು ಅದು 1953ನೆಯ ಇಸವಿಯೆಂದೂ ತಮ್ಮ ವಯಸ್ಸು 27 ಎಂದೂ ಹೇಳಿದರು. ಪಠ್ಯಪುಸ್ತಕಗಳು ಹೇಳುವುದು ಸಾಮಾನ್ಯವಾಗಿ ಇಷ್ಟೇ: ಒಬ್ಬ ಮನುಷ್ಯ, ಒಂದು ಅಂಗ, ಒಂದು ನಷ್ಟ.

ಸ್ಕೋವಿಲ್ ಮತ್ತು ಮಿಲ್ನರರ 1957ರ ಮೂಲಲೇಖನವನ್ನು ತೆರೆದವರಿಗೆ ಕಾಣುವುದೇ ಬೇರೆ. ಅಲ್ಲಿರುವುದು ಒಬ್ಬರಲ್ಲ, ಹತ್ತು ಮಂದಿ ರೋಗಿಗಳು. ಮಿದುಳಿನ ಆ ಪ್ರದೇಶದ ಮುಂತುದಿಯನ್ನು ಮಾತ್ರ ತೆಗೆದು ಹಿಪೊಕ್ಯಾಂಪಸನ್ನು ಮುಟ್ಟದೆ ಬಿಟ್ಟಲ್ಲಿ ನೆನಪು ಕೆಡಲಿಲ್ಲ. ಕತ್ತರಿಯು ಹಿಂದಕ್ಕೆ ಸರಿದಂತೆಲ್ಲ ಮರೆವು ಹೆಚ್ಚಿತು. ವಾದದ ಬಲವು ಎಚ್. ಎಂ. ಅವರಲ್ಲಿ ಮಾತ್ರವೇ ಇಲ್ಲ, ಈ ಹೋಲಿಕೆಯಲ್ಲಿಯೂ ಇದೆ. ಬಲಹೀನತೆಯೂ ಅಲ್ಲಿಯೇ ಕಾಣಿಸಿಕೊಳ್ಳುವುದು. ಉಳಿದವರಲ್ಲಿ ಹೆಚ್ಚಿನವರು ಚಿತ್ತವಿಕಾರಕ್ಕೊಳಗಾದವರು, ಅವರ ನೆನಪನ್ನು ಅಳೆಯುವುದು ಸುಲಭವಲ್ಲ. ತೆಗೆದ ಭಾಗವು 8 ಸೆಂಟಿಮೀಟರಿನಷ್ಟು ಉದ್ದವೆಂಬುದಾದರೋ ಶಸ್ತ್ರವೈದ್ಯರ ಅಂದಾಜು. 40 ವರ್ಷಗಳ ತರುವಾಯ, 1997ರಲ್ಲಿ ಪ್ರಕಟವಾದ ಎಂ.ಆರ್.ಐ. ಚಿತ್ರಗಳಲ್ಲಿ ಅದು ಸುಮಾರು 5 ಸೆಂಟಿಮೀಟರು ಮಾತ್ರವೆಂದೂ ಹಿಪೊಕ್ಯಾಂಪಸಿನ ಹಿಂಭಾಗವು ಉಳಿದಿದ್ದಿತೆಂದೂ ತಿಳಿದುಬಂದಿತು. ಅಂದಾಜಿಗೂ ಅಳತೆಗೂ ಇರುವ ಈ ಅಂತರವನ್ನು ಮೂಲವಾಚನದಲ್ಲಿ ಎಷ್ಟೋ ಮೊದಲೇ ಪ್ರಶ್ನಿಸಬಹುದಾಗಿದ್ದಿತು.

ಇತ್ತೀಚಿನ ಲೇಖನಗಳಲ್ಲಿ ಪ್ರಶ್ನೆಯು ಹೆಚ್ಚಾಗಿ ಗಣಿತದ ಕಡೆಗೆ ತಿರುಗುವುದು. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಅವರ ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಎಂ.ಆರ್.ಐ. ಯಂತ್ರದೊಳಗಿಟ್ಟು ಮನುಷ್ಯರ ಭಾವಚಿತ್ರಗಳನ್ನು ತೋರಿಸಿದ ಪ್ರಯೋಗದ ವೃತ್ತಾಂತವನ್ನು ವಿದ್ವತ್ಸಭೆಯಲ್ಲಿ ಮಂಡಿಸಿದರು. ಪರಿಶೀಲಿಸಿದ 8064 ಸಣ್ಣ ಘನಭಾಗಗಳಲ್ಲಿ 16 ಎಚ್ಚತ್ತಂತೆ ತೋರಿದುವು! ಸಾವಿರಕ್ಕೊಂದು ತಪ್ಪನ್ನು ಕ್ಷಮಿಸುವ ಅಳತೆಗೋಲನ್ನು ಎಂಟು ಸಾವಿರ ಸಲ ಬಳಸಿದರೆ ಸುಮಾರು ಎಂಟು ಸುಳ್ಳುಫಲಗಳು ಆಕಸ್ಮಿಕವಾಗಿಯೇ ಬರುವುವು. ಪರೀಕ್ಷೆಗಳ ಸಂಖ್ಯೆಗೆ ತಕ್ಕಂತೆ ಕೋಲನ್ನು ಬಿಗಿಗೊಳಿಸಿದೊಡನೆ ಆ 16 ದೀಪಗಳೂ ಆರಿಹೋದುವು. ವಿನೋದವೆಂದು ನಕ್ಕವರೂ ತಮ್ಮ ಲೆಕ್ಕಗಳನ್ನು ಮತ್ತೊಮ್ಮೆ ನೋಡಿಕೊಳ್ಳಬೇಕಾದ ಪ್ರಯೋಗವಿದು. 2013ರಲ್ಲಿ ಕ್ಯಾಥರೀನ್ ಬಟನ್ ಮೊದಲಾದವರು ನರವಿಜ್ಞಾನದ ಪ್ರಯೋಗಗಳನ್ನು ಗಣಿಸಿ, ನಿಜವಾಗಿ ಇರುವ ಪರಿಣಾಮವೊಂದನ್ನು ಕಂಡುಹಿಡಿಯುವ ಅವುಗಳ ಶಕ್ತಿಯ ಮಧ್ಯಮಾನವು ನೂರಕ್ಕೆ 21 ಮಾತ್ರವೆಂದು ತೋರಿಸಿದರು. ಗೋಷ್ಠಿಯ ಮೊದಲ ಪ್ರಶ್ನೆಯು “ಎಷ್ಟು?” ಎಂದಿರುವುದು ಅಕಾರಣವಲ್ಲ.

ಹೀಗೆಂದು ಈ ಗೋಷ್ಠಿಗಳು ನಿರ್ದೋಷವೆನ್ನಲಾಗದು. ತಪ್ಪನ್ನು ಹಿಡಿಯುವ ಚಾತುರ್ಯವು ಬೇಗ ಬರುವುದು. ಒಳ್ಳೆಯದನ್ನು ಗುರುತಿಸುವ ವಿವೇಕವು ತಡವಾಗಿ ಬರುವುದು. ಸಂಖ್ಯೆ ಸಾಲದೆಂದು ಎಲ್ಲವನ್ನೂ ತಳ್ಳಿಹಾಕುವ ಗೋಷ್ಠಿಯು 1957ರ ಲೇಖನವನ್ನೂ ತಳ್ಳಿಹಾಕಬೇಕಾದೀತು. ಅಧ್ಯಾಪಕರ ಸ್ವಂತ ಲೇಖನವೇ ವಿಚಾರಕ್ಕೆ ಬಂದಾಗ ನಾಲಗೆಗಳು ಒಮ್ಮೆಲೇ ಮೃದುವಾಗುವುದೂ ಉಂಟು. ಲೇಖಕನ ಪಕ್ಷವನ್ನು ಸಮರ್ಥಿಸುವ ಹೊಣೆಯನ್ನು ಒಬ್ಬರಿಗೆ ವಹಿಸುವುದು ಇವೆರಡಕ್ಕೂ ತಕ್ಕಮಟ್ಟಿನ ಪರಿಹಾರ. ಪೂರ್ವಪಕ್ಷ ಸಿದ್ಧಾಂತಗಳ ಪರಿಚಯವುಳ್ಳವರಿಗೆ ಇದು ಹೊಸದಲ್ಲ.

1957ರ ಲೇಖನವನ್ನು ಓದಿದ ಗೋಷ್ಠಿಯು ಮುಂದಿನ ವಾರಕ್ಕೆ ಮಿಲ್ನರರ 1962ರ ವರದಿಯನ್ನು ಎತ್ತಿಕೊಳ್ಳುವುದು ಉಚಿತ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕಾರವನ್ನು ಗೆರೆಯೆಳೆದು ತಿದ್ದುವ ಕೌಶಲವನ್ನು ಎಚ್. ಎಂ. ಮೂರು ದಿನಗಳಲ್ಲಿ ಕಲಿತುಬಿಟ್ಟರು. ಅದನ್ನು ಹಿಂದೆ ಎಂದಾದರೂ ಮಾಡಿದ್ದ ನೆನಪು ಮಾತ್ರ ಅವರಿಗೆ ಇರಲಿಲ್ಲ.