ಆಟ ಕಟ್ಟುವವರೂ ಆಡುವವರೂ

ಮರಕ್ಕಡವಿನ ಹೆಸರಿನಲ್ಲಿಯೇ ಕಡವು ಇದೆ. ಕಬಿನಿಯ ಈ ದಡ ವಯನಾಡು, ಆ ದಡ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ದೋಣಿಯಲ್ಲಿ ನೀರು ಜಿನುಗಿದರೆ ಅಂಬಿಗನನ್ನು ಕೇಳುವ ಹಕ್ಕು ಕಾಸು ಕೊಟ್ಟು ಕುಳಿತವನಿಗೆ ಉಂಟು. ಮಳೆಗಾಲದಲ್ಲಿ ಹೊಳೆ ತುಂಬಿತೆಂದು ಅವನನ್ನು ಬೈಯಲು ಯಾರೂ ಹೋಗುವುದಿಲ್ಲ. ಮೊಬೈಲಿನಲ್ಲಿ ಆಟವಾಡುವ ನಮ್ಮ ಮಕ್ಕಳು ಮಾತ್ರ ಈ ಎರಡರ ಅಂತರವನ್ನು ಮರೆತಂತೆ ಕಾಣುತ್ತದೆ. ಒಂದು ಹಂತ ದಾಟಲಾಗದಿದ್ದರೆ ಆಟಕ್ಕೆ ಒಂದೇ ನಕ್ಷತ್ರ, ಮೇಲೆ ಎರಡು ಬೈಗುಳ.

ಆ ಬೈಗುಳವನ್ನು ಓದಬೇಕಾದವರು ದೂರದೇಶದವರೇ ಆಗಬೇಕೆಂದಿಲ್ಲ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ 1997ರಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ‘ಫೋರ್ಜಾ’ದಂತಹ ವಿದೇಶೀ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಟ್ಟವರು.

ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಪುಟ್ಟ ತಂಡದ ಕಥೆ ಇಲ್ಲಿ ನೆನಪಾಗುತ್ತದೆ. ‘ನೋ ಮ್ಯಾನ್ಸ್ ಸ್ಕೈ’ ಎಂಬ ಅವರ ಆಟ 2016ರ ಜೂನ್‌ನಲ್ಲಿ ಬರಬೇಕಿದ್ದುದು ಆಗಸ್ಟ್‌ಗೆ ಮುಂದೂಡಲ್ಪಟ್ಟಿತು. ಅಷ್ಟಕ್ಕೇ ತಂಡದ ಮುಖ್ಯಸ್ಥ ಶಾನ್ ಮರ್ರೆಯವರಿಗೆ ಕೊಲೆ ಬೆದರಿಕೆಗಳು ಬಂದವು. ಒಂದು ಆಟ ಕೆಲವು ವಾರ ತಡವಾದುದಕ್ಕೆ! ಆದರೆ ಆಟ ಬಿಡುಗಡೆಯಾದಾಗ, ಮೊದಲು ಹೇಳಿಕೊಂಡಿದ್ದ ಹಲವು ಸಂಗತಿಗಳು ಅದರಲ್ಲಿ ಇರಲಿಲ್ಲವೆಂಬುದೂ ನಿಜ. ಆಗ ಎದ್ದ ದೂರು ನ್ಯಾಯವಾದುದೇ. ತಂಡವು ವಾದಕ್ಕಿಳಿಯದೆ ಮೌನವಾಗಿ ಕೆಲಸ ಮುಂದುವರಿಸಿತು. ಆಟಗಾರರು ಜೊತೆಗೂಡಿ ಆಡುವ ಪೂರ್ಣ ಸೌಲಭ್ಯ 2018ರ ಜುಲೈಯಲ್ಲಿ ಉಚಿತವಾಗಿಯೇ ದೊರೆಯಿತು. ಬೆದರಿಕೆಯಿಂದ ಆಟ ಒಂದು ದಿನವೂ ಬೇಗ ಬರಲಿಲ್ಲ. ಇದನ್ನು ಮಕ್ಕಳಿಗೆ ಹೇಳಿದರೆ ಅವರು ನಂಬುವುದು ಕಷ್ಟ.

ಪೋಲೆಂಡಿನ ‘ಸೈಬರ್‌ಪಂಕ್ 2077’ರಲ್ಲಿ ತಪ್ಪು ಇನ್ನೂ ಸ್ಪಷ್ಟವಾಗಿತ್ತು. 2020ರ ಡಿಸೆಂಬರ್‌ನಲ್ಲಿ ಬಂದ ಆಟ ಹಳೆಯ ಯಂತ್ರಗಳಲ್ಲಿ ಸರಿಯಾಗಿ ನಡೆಯಲೇ ಇಲ್ಲ. ಸೋನಿ ಸಂಸ್ಥೆ ಅದನ್ನು ತನ್ನ ಅಂಗಡಿಯಿಂದ ತೆಗೆದು ಕೊಂಡವರಿಗೆ ಹಣ ಮರಳಿಸಿತು. ಜನ ಕೇಳಿದ್ದು ತಾವು ಕೊಟ್ಟ ಹಣಕ್ಕೆ ತಕ್ಕ ವಸ್ತುವನ್ನು.

ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಪ್ರತಿಫಲ ಕೊಟ್ಟು ಪಡೆದವನನ್ನೇ ಗ್ರಾಹಕನೆನ್ನುತ್ತದೆ. ಬಿಟ್ಟಿಯಾಗಿ ಆಡುವವನು ಆ ವ್ಯಾಖ್ಯೆಯೊಳಗೆ ಸುಲಭವಾಗಿ ಬರಲಾರ. ಆದರೆ ಅಪ್ಪನ ಫೋನಿನಿಂದ ನಾಣ್ಯವನ್ನೋ ಉಡುಪನ್ನೋ ಕೊಂಡು, ಅದು ಕೈಗೆ ಬಾರದಿದ್ದರೆ ಮಾತು ಬೇರೆ. ಪ್ಲೇ ಸ್ಟೋರ್‌ನಲ್ಲಿ ಕೊಂಡುದಾದರೆ 48 ಗಂಟೆಗಳೊಳಗೆ ಹಣ ಮರಳಿ ಕೇಳುವುದು ಒಳ್ಳೆಯದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಅಭಿಪ್ರಾಯವನ್ನು ಕನ್ನಡದಲ್ಲಿಯೇ ಬರೆಯಲೂ ಅಡ್ಡಿಯಿಲ್ಲ. ಯಾವ ಫೋನು, ಎಷ್ಟನೆಯ ಹಂತ, ಯಾವ ದಿನ ಎಷ್ಟು ಹಣ ಹೋಯಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿದರೆ ಸಾಕು. ಶಾಲೆಯಲ್ಲಿ ಕಲಿತ ಪತ್ರಲೇಖನ ಇಲ್ಲಿಯಾದರೂ ಉಪಯೋಗಕ್ಕೆ ಬಂದೀತು. ತಯಾರಕರು ಅದಕ್ಕೆ ಉತ್ತರಿಸಬಹುದು, ಬರೆದವರು ಕೊಟ್ಟ ನಕ್ಷತ್ರಗಳನ್ನು ಆಮೇಲೆ ಬದಲಿಸಲೂಬಹುದು. ದೋಷ ಸರಿಹೋದ ಮೇಲೆ ಹಿಂದಿರುಗಿ ಅದನ್ನು ಬದಲಿಸುವ ಮಕ್ಕಳು ಕಡಮೆ. ದೊಡ್ಡವರು ಇನ್ನೂ ಕಡಮೆ.