ಕೋಳಿ ಕೂಗಿನ ತಕರಾರು: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಪಟ್ಟಣಗಳ ಅಂಚಿನಲ್ಲಿರುವ ಗ್ರಾಮಗಳಲ್ಲಿ ಕೃಷಿ ಜಮೀನುಗಳು ಬಡಾವಣೆಗಳಾಗಿ ಪರಿವರ್ತನೆಗೊಂಡಂತೆಲ್ಲ ಗ್ರಾಮ ಪಂಚಾಯತಿಗೆ ಸಲ್ಲಿಕೆಯಾಗುವ ಅರ್ಜಿಗಳ ಸ್ವರೂಪವೂ ಬದಲಾಗುತ್ತಿದೆ. ಕುಡಿಯುವ ನೀರು, ಚರಂಡಿ, ಬೀದಿದೀಪಗಳ ಅರ್ಜಿಗಳ ನಡುವೆ ‘ಪಕ್ಕದ ಮನೆಯ ಹುಂಜವು ರಾತ್ರಿ ಮೂರೂವರೆಗೇ ಕೂಗಲಾರಂಭಿಸುತ್ತದೆ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ಒಕ್ಕಣೆಯ ಅರ್ಜಿಯೂ ಬರುವುದುಂಟು. ಸಭೆಯಲ್ಲಿ ಅದನ್ನು ಓದಿದಾಗ ನಗೆ ಏಳುವುದು ಸಹಜ. ಆದರೆ ಅರ್ಜಿದಾರರಾಗಲಿ ಎದುರುದಾರರಾಗಲಿ ನಗುವ ಸ್ಥಿತಿಯಲ್ಲಿರುವುದಿಲ್ಲ. ಒಬ್ಬರು ನಿವೃತ್ತಿಯ ಹಣವನ್ನೆಲ್ಲ ತೊಡಗಿಸಿ, ನೆಮ್ಮದಿಯನ್ನು ಅರಸಿ ಬಂದು ಮನೆ ಕಟ್ಟಿದವರು. ಮತ್ತೊಬ್ಬರು ಹಿತ್ತಿಲಿನ ಹತ್ತು ಕೋಳಿಗಳಿಂದಲೇ ಮಕ್ಕಳ ಪುಸ್ತಕ, ಮನೆಯವರ ಔಷಧಿ, ಸ್ವಸಹಾಯ ಸಂಘದ ಕಂತುಗಳನ್ನು ನಿಭಾಯಿಸುವ ಗೃಹಿಣಿ. ಇಬ್ಬರೂ ಅದೇ ಪಂಚಾಯತಿಯ ಮತದಾರರು. ಅರ್ಜಿಯನ್ನು ಬದಿಗಿರಿಸಿದರೆ ತಕರಾರು ಪೊಲೀಸ್ ಠಾಣೆಗೆ ಹೋಗುತ್ತದೆ. ಅವಸರದಿಂದ ‘ಕೋಳಿ ತೆಗೆಸಿ’ ಎಂದು ನೋಟಿಸು ಕೊಟ್ಟರೆ ಒಂದು ಕುಟುಂಬದ ಆದಾಯಕ್ಕೆ ಕುತ್ತು ಬರುತ್ತದೆ.

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿ, ಕೋಳಿಯನ್ನು ಕಂಕುಳಲ್ಲಿ ಇರಿಸಿಕೊಂಡು ಊರು ಬಿಟ್ಟು ಹೋದ ಅಜ್ಜಿಯ ಕಥೆ ನಾಡಿನ ಎಲ್ಲರಿಗೂ ತಿಳಿದಿದೆ. ಈಗಿನ ತಕರಾರು ಅದಕ್ಕೆ ತಿರುವುಮುರುವಾದುದು: ಕೋಳಿ ಇದ್ದಲ್ಲಿಯೇ ಇದೆ, ಊರಿಗೆ ಹೊಸಬರು ಬಂದಿದ್ದಾರೆ.

ಹುಂಜ ಅಷ್ಟು ಬೇಗ ಕೂಗುವುದೇಕೆ

ಬೆಳಕು ಕಂಡ ಮೇಲೆಯೇ ಹುಂಜ ಕೂಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಇದು ಪೂರ್ಣ ಸತ್ಯವಲ್ಲವೆಂದು ತೋರಿಸಿತು. ಹುಂಜಗಳನ್ನು ನಿರಂತರ ಮಂದ ಬೆಳಕಿನಲ್ಲಿ ಇರಿಸಿದಾಗಲೂ ಅವು ಸುಮಾರು ಒಂದು ದಿನದ ಅಂತರದಲ್ಲಿಯೇ ಕೂಗುತ್ತಿದ್ದವು. ಅಂದರೆ ಹೊತ್ತನ್ನು ಎಣಿಸುವ ಗಡಿಯಾರ ಹಕ್ಕಿಯ ದೇಹದೊಳಗೇ ಇದೆ. ಬೆಳಕು ಬರುವುದಕ್ಕೆ ಸುಮಾರು 2 ಗಂಟೆ ಮೊದಲೇ ಕೂಗು ಆರಂಭವಾಗುತ್ತಿದ್ದುದನ್ನೂ ಅವರು ದಾಖಲಿಸಿದರು. ಕರ್ನಾಟಕದಲ್ಲಿ ಸೂರ್ಯೋದಯವು ವರ್ಷವಿಡೀ ಹೆಚ್ಚುಕಡಿಮೆ ಆರರಿಂದ ಆರೂಮುಕ್ಕಾಲು ಗಂಟೆಯ ನಡುವೆ ಆಗುವುದರಿಂದ ‘ಮೂರೂವರೆ, ನಾಲ್ಕಕ್ಕೇ ಕೂಗುತ್ತದೆ’ ಎಂಬ ದೂರು ಉತ್ಪ್ರೇಕ್ಷೆಯಲ್ಲ. ಹಿರಿಯರು ‘ಮೊದಲ ಕೋಳಿ ಕೂಗಿದ ಜಾವ’ ಎಂದು ಹೊತ್ತನ್ನು ಗುರುತಿಸುತ್ತಿದ್ದುದೂ ಇದನ್ನೇ.

ಹೊರಗಿನ ಬೆಳಕು ಮತ್ತು ಬೇರೆ ಹುಂಜಗಳ ಧ್ವನಿಯೂ ಕೂಗನ್ನು ಪ್ರಚೋದಿಸುತ್ತವೆ. ನಸುಕು ಸಮೀಪಿಸಿದಂತೆ ಈ ಪ್ರಚೋದನೆಯ ಪರಿಣಾಮ ಹೆಚ್ಚು. ಇಲ್ಲಿ ಸದಸ್ಯರು ಒಂದು ಮುಜುಗರದ ಸಂಗತಿಯನ್ನೂ ಗಮನಿಸಬೇಕಾಗುತ್ತದೆ. ಗೂಡಿನ ನೇರ ಮೇಲೆ ಪಂಚಾಯತಿಯೇ ಅಳವಡಿಸಿದ ಎಲ್‌ಇಡಿ ಬೀದಿದೀಪ ಉರಿಯುತ್ತಿದ್ದರೆ ತಕರಾರಿನಲ್ಲಿ ಪಂಚಾಯತಿಯ ಪಾಲೂ ಇದೆ ಎಂದಾಯಿತು.

ಅದೇ ಸಂಶೋಧಕರು 2015ರಲ್ಲಿ ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು. ಒಂದೇ ಗುಂಪಿನಲ್ಲಿರುವ ಹುಂಜಗಳಲ್ಲಿ ಮೇಲಿನ ಸ್ಥಾನದ ಹುಂಜವೇ ಮೊದಲು ಕೂಗುತ್ತದೆ, ಉಳಿದವು ತಮ್ಮ ಸ್ಥಾನಕ್ಕೆ ಅನುಗುಣವಾಗಿ ಒಂದರ ಹಿಂದೊಂದು ಕೂಗುತ್ತವೆ. ಮೊದಲನೆಯದನ್ನು ತೆಗೆದರೆ ಎರಡನೆಯದು ಅದರ ಸ್ಥಾನವನ್ನು ವಹಿಸಿಕೊಳ್ಳುತ್ತದೆ. ಆದ್ದರಿಂದ ‘ಆ ಕೆಂಪು ಹುಂಜವೊಂದನ್ನು ಮಾರಿಸಿಬಿಡಿ’ ಎಂಬ ಸುಲಭ ಪರಿಹಾರವು, ಅದೇ ಮನೆಯಲ್ಲಿ ಮತ್ತೊಂದು ಹುಂಜ ಇದ್ದರೆ, ಫಲ ಕೊಡುವುದಿಲ್ಲ.

ಫ್ರಾನ್ಸಿನಲ್ಲಿ ನಡೆದ ವ್ಯಾಜ್ಯ

ಈ ಬಗೆಯ ತಕರಾರು ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ಒಂದು ದೇಶದ ಕಾನೂನಿನ ತಿದ್ದುಪಡಿಗೇ ದಾರಿ ಮಾಡಿದ ನಿದರ್ಶನ ಫ್ರಾನ್ಸಿನದು. ಅಲ್ಲಿನ ಪಶ್ಚಿಮ ಕರಾವಳಿಯ ಒಲೆರಾನ್ ದ್ವೀಪದ ಸೇಂಟ್ ಪಿಯೇರ್ ಎಂಬ ಊರಿನಲ್ಲಿ ಮೋರಿಸ್ ಎಂಬ ಹೆಸರಿನ ಹುಂಜವಿತ್ತು. ನೆರೆಯ ಮನೆಯನ್ನು ರಜಾದಿನಗಳ ವಾಸಕ್ಕಾಗಿ ಹೊಂದಿದ್ದ ನಿವೃತ್ತ ದಂಪತಿ, ಅದರ ಕೂಗಿನಿಂದ ನಿದ್ರಾಭಂಗವಾಗುತ್ತಿದೆಯೆಂದು ಹುಂಜದ ಒಡತಿಯ ವಿರುದ್ಧ ದಾವೆ ಹೂಡಿದರು. ರೋಶ್‌ಫೋರ್ ನ್ಯಾಯಾಲಯವು 2019ರ ಸೆಪ್ಟೆಂಬರ್ 5ರಂದು ದಾವೆಯನ್ನು ತಳ್ಳಿಹಾಕಿ, ಒಡತಿಗೆ 1,000 ಯೂರೋ ಪರಿಹಾರ ನೀಡುವಂತೆ ದಂಪತಿಗೇ ಆದೇಶಿಸಿತು. ನ್ಯಾಯಾಲಯದ ಅಧಿಕಾರಿಯೊಬ್ಬರು ಸ್ಥಳದಲ್ಲಿದ್ದು ಆಲಿಸಿದಾಗ ಹುಂಜ ಕೂಗಿದ್ದು ಬೆಳಿಗ್ಗೆ ಆರೂವರೆಯಿಂದ ಏಳರ ನಡುವೆ, ಅದೂ ಬಿಟ್ಟುಬಿಟ್ಟು. ಸಾಮಾನ್ಯ ನೆರೆಹೊರೆಯಲ್ಲಿ ಸಹಿಸಲಾಗದಷ್ಟು ತೊಂದರೆಯಾಗಿದೆ ಎಂಬುದನ್ನು ದೂರುದಾರರು ಸಾಬೀತುಪಡಿಸಲಿಲ್ಲ. ಹುಂಜ ಕೂಗುತ್ತದೆ ಎನ್ನುವುದೊಂದೇ ಸಾಕ್ಷ್ಯವಾಗಲಿಲ್ಲ.

ಅದೇ ವರ್ಷ ಗಜಾಕ್ ಎಂಬ ಸಣ್ಣ ಗ್ರಾಮದ ಮೇಯರ್ ಬ್ರೂನೋ ದಿಯೊನಿ ದ್ಯು ಸೆಜೂರ್ ಬಹಿರಂಗ ಪತ್ರ ಬರೆದು, ಹುಂಜದ ಕೂಗು, ದನಗಳ ಅಂಬಾ, ಚರ್ಚಿನ ಗಂಟೆ ಮೊದಲಾದ ಗ್ರಾಮೀಣ ಧ್ವನಿಗಳನ್ನು ರಾಷ್ಟ್ರೀಯ ಪರಂಪರೆಯಾಗಿ ಪರಿಗಣಿಸಬೇಕೆಂದು ಕೋರಿದರು. ಲೊಜೇರ್ ಪ್ರಾಂತದ ಸಂಸದ ಪಿಯೇರ್ ಮೊರೆಲ್ ಆ ಲುಯಿಸಿಯೇ ಈ ಕುರಿತು ಮಸೂದೆ ಮಂಡಿಸಿದರು. 2021ರ ಜನವರಿ 29ರಂದು ಕಾನೂನಾಗಿ ಜಾರಿಗೆ ಬಂದ ಆ ಮಸೂದೆಯ ಮೂಲಕ, ನೈಸರ್ಗಿಕ ಪ್ರದೇಶಗಳ ಧ್ವನಿ ಮತ್ತು ವಾಸನೆಗಳೂ ದೇಶದ ಸಂಪತ್ತಿನ ಭಾಗವೆಂದು ಅಲ್ಲಿನ ಪರಿಸರ ಸಂಹಿತೆಯಲ್ಲಿ ಸೇರಿತು. 2024ರ ಏಪ್ರಿಲ್‌ನಲ್ಲಿ ಸಿವಿಲ್ ಸಂಹಿತೆಗೆ ಸೇರಿದ ಇನ್ನೊಂದು ವಿಧಿ ಮತ್ತಷ್ಟು ಸ್ಪಷ್ಟವಾಗಿದೆ. ದೂರುದಾರರು ಬರುವ ಮೊದಲೇ ಚಟುವಟಿಕೆ ಅಸ್ತಿತ್ವದಲ್ಲಿದ್ದು, ಕಾನೂನಿಗೆ ಅನುಗುಣವಾಗಿದ್ದು, ತೊಂದರೆಯನ್ನು ಹೆಚ್ಚಿಸದೆ ಮೊದಲಿನಂತೆಯೇ ಮುಂದುವರಿದಿದ್ದರೆ, ಅದನ್ನು ನಡೆಸುವವರು ಪರಿಹಾರಕ್ಕೆ ಹೊಣೆಯಲ್ಲ.

ತಕರಾರು ಇತ್ಯರ್ಥವಾಗದೆ ಉಳಿದರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೂ ಅದೇ ದೇಶದಲ್ಲಿ ಉದಾಹರಣೆಯಿದೆ. 2020ರಲ್ಲಿ ಆರ್ದೆಶ್ ಪ್ರಾಂತದಲ್ಲಿ ನೆರೆಯವನೊಬ್ಬ ಪಕ್ಕದ ಮನೆಯ ಹುಂಜವನ್ನು ಕೊಂದೇಬಿಟ್ಟನು. ನ್ಯಾಯಾಲಯ ಅವನಿಗೆ ಅಮಾನತಿನಲ್ಲಿರಿಸಿದ ಸೆರೆವಾಸದ ಶಿಕ್ಷೆ ವಿಧಿಸಿತು.

ಇಲ್ಲಿನ ಕಾನೂನಿನ ಸ್ಥಿತಿ

ಫ್ರಾನ್ಸಿನ ಕಾನೂನು ಇಲ್ಲಿಗೆ ಅನ್ವಯವಾಗುವುದಿಲ್ಲ. ಆದರೂ ‘ಮೊದಲು ಇದ್ದವರು ಯಾರು, ಮೊದಲಿನಂತೆಯೇ ಇದೆಯೇ’ ಎಂಬ ಅದರ ಎರಡು ಪ್ರಶ್ನೆಗಳು ಯಾವ ಪಂಚಾಯಿತಿ ಕಟ್ಟೆಯಲ್ಲಿಯೂ ಕೇಳಬಹುದಾದಂಥವು. ಸಂವಿಧಾನದ 11ನೇ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಪಶುಸಂಗೋಪನೆ, ಹೈನುಗಾರಿಕೆಗಳ ಜೊತೆಯಲ್ಲಿಯೇ ಕೋಳಿ ಸಾಕಣೆಯನ್ನು ಹೆಸರಿಸಿದೆ. ಗಿರಿರಾಜ ಕೋಳಿಯಂತಹ ಹಿತ್ತಿಲ ತಳಿಗಳನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ್ದೇ ಸಣ್ಣ ಕುಟುಂಬಗಳ ಆದಾಯಕ್ಕಾಗಿ. ಉತ್ತೇಜಿಸಬೇಕಾದ ಕಸುಬನ್ನು ಒಂದು ಅರ್ಜಿಯ ಆಧಾರದ ಮೇಲೆ ನಿಲ್ಲಿಸುವುದು ವಿಚಿತ್ರವೆನಿಸೀತು.

ಹಾಗೆಂದು ದೂರುದಾರರಿಗೆ ಹಕ್ಕೇ ಇಲ್ಲವೆಂದಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 152ನೇ ಪ್ರಕರಣದಡಿ ಸಾರ್ವಜನಿಕ ಉಪದ್ರವವನ್ನು ನಿವಾರಿಸಲು ಷರತ್ತುಬದ್ಧ ಆದೇಶ ಹೊರಡಿಸುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗಿದೆ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ಹುಂಜದ ಕೂಗು ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ತಲುಪುತ್ತದೆ ಎಂಬುದನ್ನು ಹಿಡಿದು ಮೊಬೈಲ್ ಆ್ಯಪ್‌ನ ಚಿತ್ರ ತೋರಿಸುವವರಿದ್ದಾರೆ. ಆದರೆ ನಿಯಮದ ಮಿತಿಯು ಒಂದು ಅವಧಿಯ ಸರಾಸರಿಯೇ ಹೊರತು ಕ್ಷಣದ ಗರಿಷ್ಠ ಮಟ್ಟವಲ್ಲ. ಈ ನಿಯಮದಡಿ ಕ್ರಮ ಕೈಗೊಳ್ಳುವ ಪ್ರಾಧಿಕಾರವೂ ಗ್ರಾಮ ಪಂಚಾಯತಿಯಲ್ಲ.

2025ರಲ್ಲಿ ಕೇರಳದ ಪತ್ತನಂತಿಟ್ಟ ಜಿಲ್ಲೆಯ ಅಡೂರಿನಲ್ಲಿ ಇಂತಹುದೇ ದೂರು ಅಲ್ಲಿನ ಕಂದಾಯ ವಿಭಾಗಾಧಿಕಾರಿಯ ಮುಂದೆ ಬಂದಿತು. ನೆರೆಮನೆಯ ಮೇಲಂತಸ್ತಿನಲ್ಲಿದ್ದ ಗೂಡಿನಿಂದ ರಾತ್ರಿ ಮೂರು ಗಂಟೆಗೇ ಕೂಗು ಕೇಳಿಬರುತ್ತಿತ್ತು. ಅಧಿಕಾರಿಗಳು ಸ್ಥಳ ಪರಿಶೀಲಿಸಿ, 14 ದಿನಗಳೊಳಗೆ ಗೂಡನ್ನು ಅದೇ ನಿವೇಶನದ ಮತ್ತೊಂದು ಬದಿಗೆ ಸ್ಥಳಾಂತರಿಸಲು ಆದೇಶಿಸಿದರು. ಕೋಳಿ ಸಾಕುವುದನ್ನು ನಿಷೇಧಿಸಲಿಲ್ಲ. ಉಪವಿಭಾಗಾಧಿಕಾರಿಯವರೆಗೆ ಹೋಗಿ ಪಡೆಯುವ ಇಂತಹ ಪರಿಹಾರವನ್ನು ವಾರ್ಡಿನ ಸದಸ್ಯರೇ ಒಂದು ಬೆಳಗಿನಲ್ಲಿ ಒದಗಿಸಬಹುದು.

ಸ್ಥಳ ಪರಿಶೀಲನೆ ಮತ್ತು ಒಪ್ಪಂದ

ಪರಿಶೀಲನೆಯನ್ನು ಕಚೇರಿಯ ವೇಳೆಯಲ್ಲಿ, ಹನ್ನೊಂದು ಗಂಟೆಗೆ, ಮಾಡುವುದರಿಂದ ಪ್ರಯೋಜನವಿಲ್ಲ. ಒಲೆರಾನ್ ವ್ಯಾಜ್ಯವು ತೀರ್ಮಾನವಾದದ್ದು ಕೂಗುವ ಹೊತ್ತಿನಲ್ಲಿ ಅಲ್ಲಿಯೇ ನಿಂತು ಆಲಿಸಿದ್ದರಿಂದ. ಸದಸ್ಯರು ಸಾಧ್ಯವಾದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಡನೆ ನಸುಕಿನಲ್ಲಿ ದೂರುದಾರರ ಮಲಗುವ ಕೋಣೆಯ ಕಿಟಕಿಯ ಹೊರಗೆ ಅರ್ಧ ಗಂಟೆ ನಿಂತರೆ, ಎಷ್ಟು ಹುಂಜಗಳು ಕೂಗುತ್ತವೆ, ಯಾವ ಮನೆಯವು, ಎಷ್ಟು ಹೊತ್ತು ಎಂಬುದೆಲ್ಲ ತಿಳಿಯುತ್ತದೆ. ದೂರಿತ್ತ ಹುಂಜವಲ್ಲ, ಅದರಾಚೆಯ ಬೀದಿಯದು ಎಂದು ಕಂಡುಬರುವ ಸಂಭವವೂ ಇದೆ.

ಸಾಕಣೆಯ ಬಗೆಯನ್ನು ಆಗಲೇ ನೋಡಬೇಕು. ಎಂಟು ಹತ್ತು ಹ್ಯಾಟೆಗಳಿಗೆ ಒಂದು ಹುಂಜ ಇರುವುದು ಸಾಮಾನ್ಯ ಮನೆಸಾಕಣೆ. ಒಂದೇ ಹಿತ್ತಿಲಿನಲ್ಲಿ ಆರೇಳು ಹುಂಜಗಳನ್ನು ಬೇರೆಬೇರೆಯಾಗಿ ಕಟ್ಟಿದ್ದರೆ ಅದು ಬೇರೆಯ ಉದ್ದೇಶಕ್ಕಿರಬಹುದು. ಕೋಳಿ ಅಂಕಕ್ಕಾಗಿ ಸಾಕಿದ ಹಕ್ಕಿಗಳಿಗೆ ‘ಹಳ್ಳಿಯ ಸಹಜ ಜೀವನ’ ಎಂಬ ಸಮರ್ಥನೆ ಸಲ್ಲದು. ಸಾವಿರಾರು ಹಕ್ಕಿಗಳ ವಾಣಿಜ್ಯ ಶೆಡ್ಡುಗಳ ವಿಷಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಗೆ ಸೇರಿದ್ದು, ಅದನ್ನು ಈ ತಕರಾರಿನೊಂದಿಗೆ ಬೆರೆಸಬಾರದು.

ಪರಿಹಾರಗಳಲ್ಲಿ ಅತ್ಯಂತ ಪರಿಣಾಮಕಾರಿಯಾದುದು ದೂರ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದವು ಸುಮಾರು 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಕಿಟಕಿಯಿಂದ 4 ಮೀಟರ್ ದೂರದಲ್ಲಿರುವ ಗೂಡನ್ನು 16 ಮೀಟರ್‌ಗೆ ಸರಿಸಿದರೆ 12 ಡೆಸಿಬಲ್ ಕಡಿಮೆಯಾಗುತ್ತದೆ. ನಡುವೆ ಮನೆಯ ಗೋಡೆ ಅಥವಾ ಕೊಟ್ಟಿಗೆ ಬಂದರೆ ಮತ್ತಷ್ಟು. ತಾರಸಿಯ ಮೇಲಿನ ಗೂಡು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಧ್ವನಿಗೆ ಅಡ್ಡವಾಗಿ ಅಲ್ಲಿ ಏನೂ ಇರುವುದಿಲ್ಲ. ಗೂಡಿನ ಬಾಗಿಲನ್ನು ದೂರುದಾರರ ಮನೆಗೆ ಬೆನ್ನಾಗಿಸುವುದು, ರಾತ್ರಿ ಒಳಗೆ ಬೆಳಕು ಬೀಳದಂತೆ ಗೋಣಿತಾಟು ಇಳಿಬಿಡುವುದು, ಬೀದಿದೀಪಕ್ಕೆ ಮರೆ ಕಟ್ಟಿಸುವುದು ಇವೆಲ್ಲ ಹೆಚ್ಚಿನ ಖರ್ಚಿಲ್ಲದ ಕೆಲಸಗಳು. ಕತ್ತಲೆಯಿಂದ ಕೂಗು ಪೂರ್ತಿ ನಿಲ್ಲದು, ಬೆಳಕಿನ ಪ್ರಚೋದನೆ ತಪ್ಪಿ ಕಡಿಮೆಯಾದೀತು. ಇದನ್ನು ದೂರುದಾರರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಗಾಳಿಯಾಡದಂತೆ ಮಂಕರಿ ಕವುಚಿ ಮುಚ್ಚುವುದು ಅಥವಾ ಕೂಗದಂತೆ ಕೊರಳಿಗೆ ಪಟ್ಟಿ ಬಿಗಿಯುವುದು ಹಕ್ಕಿಯ ಜೀವಕ್ಕೆ ಅಪಾಯ. ಅಂತಹ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪತಕ್ಕದ್ದಲ್ಲ.

ಮೊಟ್ಟೆಗಾಗಿ ಮಾತ್ರ ಕೋಳಿ ಸಾಕುವವರಿಗೆ ಹುಂಜವೇ ಬೇಕಿಲ್ಲ. ಹುಂಜವಿಲ್ಲದೆಯೂ ಹ್ಯಾಟೆ ಮೊಟ್ಟೆಯಿಡುತ್ತದೆ. ಮರಿ ಮಾಡಿಸುವುದಕ್ಕೆ ಮಾತ್ರ ಹುಂಜ ಅಗತ್ಯ. ಆದರೆ ಇದನ್ನು ಆದೇಶವಾಗಿ ಹೇಳುವಂತಿಲ್ಲ. ನಾಟಿ ಹುಂಜಕ್ಕೆ ಹಬ್ಬ ಜಾತ್ರೆಗಳ ಕಾಲದಲ್ಲಿ ಬರುವ ಬೆಲೆ ಮೊಟ್ಟೆಗಿಂತ ಬಹಳ ಹೆಚ್ಚು ಎಂಬುದು ಸಾಕುವವರಿಗೆ ಗೊತ್ತು.

ಹೊಸದಾಗಿ ಬರುವವರಿಗೆ ಮೊದಲೇ ತಿಳಿಸುವುದಕ್ಕೂ ಅವಕಾಶವಿದೆ. ದಕ್ಷಿಣ ಫ್ರಾನ್ಸಿನ ಸೇಂಟ್ ಆಂದ್ರೆ ದ ವಾಲ್ಬೋರ್ನ್ ಗ್ರಾಮದವರು ಊರಿನ ಪ್ರವೇಶದಲ್ಲಿಯೇ ಫಲಕ ಹಾಕಿ, ಇಲ್ಲಿ ಗಂಟೆ ಬಾರಿಸುತ್ತದೆ, ಹುಂಜ ಕೂಗುತ್ತದೆ ಎಂದು ಬರೆಸಿದ್ದಾರೆ. ಇಲ್ಲಿ ಫಲಕದ ಅಗತ್ಯವಿಲ್ಲ; ಖಾತೆಗಾಗಿ ಕಚೇರಿಗೆ ಬಂದವರೊಡನೆ, ನಿವೇಶನದ ಪಕ್ಕದಲ್ಲಿ ದನದ ಕೊಟ್ಟಿಗೆ, ಕೋಳಿಗೂಡು ಇವೆಯೆಂದು ವಾರ್ಡಿನ ಸದಸ್ಯರು ಎರಡು ಮಾತು ಆಡಿದರೆ ಸಾಕು. ಮಲಗುವ ಕೋಣೆಯನ್ನು ಯಾವ ಬದಿಗೆ ಇಡಬೇಕೆಂದು ಮನೆಯ ನಕ್ಷೆ ಬರೆಸುವಾಗಲೇ ಅವರು ಯೋಚಿಸಬಹುದು.

ಇತ್ಯರ್ಥವಾದುದನ್ನು ಬಾಯಿಮಾತಿನಲ್ಲಿ ಬಿಡದೆ ಬರಹಕ್ಕೆ ಇಳಿಸುವುದು ಸೂಕ್ತ. ಗೂಡು ಎಲ್ಲಿಗೆ ಸರಿಯುತ್ತದೆ, ಯಾವ ದಿನಾಂಕದೊಳಗೆ, ಸರಿಸುವ ಖರ್ಚನ್ನು ಯಾರು ಎಷ್ಟು ಭರಿಸುತ್ತಾರೆ ಎಂಬಿಷ್ಟನ್ನು ಬರೆದು ಇಬ್ಬರ ಸಹಿ ಪಡೆದು ಪ್ರತಿಗಳನ್ನು ಕೊಡತಕ್ಕದ್ದು. ಗೂಡು ಸರಿಸುವ ಆಳಿನ ಕೂಲಿಯನ್ನು ದೂರುದಾರರೇ ಕೊಡಲು ಒಪ್ಪಿದರೆ ಮಾತುಕತೆಯ ಅರ್ಧ ಬಿಗಿ ಅಲ್ಲಿಯೇ ಸಡಿಲಗೊಳ್ಳುತ್ತದೆ. ಒಂದು ತಿಂಗಳ ಬಳಿಕ ಸದಸ್ಯರು ಮತ್ತೊಮ್ಮೆ ಅದೇ ನಸುಕಿನ ಹೊತ್ತಿಗೆ, ಅದೇ ಕಿಟಕಿಯ ಬಳಿ ಹೋಗಿ ಆಲಿಸಿ, ಕಂಡದ್ದನ್ನು ಅದೇ ಕಾಗದದ ಕೆಳಗೆ ದಿನಾಂಕ ಸಹಿತ ನಮೂದಿಸಬೇಕು.