ಹಗಲಿನ ಅಳತೆಯೂ ಮೇವಿನ ಸಸ್ಯಗಳ ಶೀತಸಹಿಷ್ಣುತೆಯೂ

ಮೇವಿನ ಸಸ್ಯಗಳು ಚಳಿಗಾಲಕ್ಕೆ ಹೇಗೆ ಸಿದ್ಧವಾಗುವುವೆಂಬ ಪ್ರಶ್ನೆ ಹಿಮ ಬೀಳುವ ದೇಶಗಳಿಗೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಹೊಲಗಳಲ್ಲಿ ಮಾಗಿಯಲ್ಲಿ ಇಬ್ಬನಿ ಬೀಳುವುದೇ ಹೊರತು ಹಿಮ ಬೀಳುವುದಿಲ್ಲ. ಆದರೂ ಈ ಸೀಮೆಯಲ್ಲಿ ಯಾವ ಮೇವು ಮಾಗಿಯಲ್ಲಿಯೂ ಚಿಗುರುವುದೆಂಬುದು ಆ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿದೆ.

ಶೀತಸಹಿಷ್ಣುತೆಯು ಸಸ್ಯದಲ್ಲಿ ವರ್ಷವೆಲ್ಲ ಒಂದೇ ಪ್ರಮಾಣದಲ್ಲಿರುವ ಗುಣವಲ್ಲ. ಲೂಸರ್ನ್ ಅಥವಾ ಕುದುರೆಮೆಂತೆಯನ್ನು ನಿದರ್ಶನವಾಗಿ ನೋಡಬಹುದು. ಬೇಸಗೆ ಕಳೆದು ಹಗಲು ಕುಗ್ಗತೊಡಗಿದಾಗ ಇದರ ಶೀತದೇಶದ ತಳಿಗಳು ಬೆಳವಣಿಗೆಯನ್ನು ತಗ್ಗಿಸಿ, ಎಲೆಗಳಲ್ಲಿ ಸಿದ್ಧವಾದ ಆಹಾರವನ್ನು ಬುಡಕ್ಕೂ ಬೇರಿಗೂ ಇಳಿಸುವುವು. ಉಷ್ಣತೆ ಇಳಿದಂತೆ ಬೇರಿನ ಪಿಷ್ಟದ ಒಂದು ಭಾಗ ಸಕ್ಕರೆಯಾಗುವುದು; ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಮಾರ್ಪಟ್ಟು, ಚಳಿಯಲ್ಲಿಯೂ ಪೊರೆ ಮೆದುವಾಗಿ ಉಳಿಯುವುದು. ಹೀಗೆ ಹದಗೊಂಡ ಸಸ್ಯದಲ್ಲಿ ನೀರು ಕೋಶಗಳ ಹೊರಗೆ ಮಂಜುಗಡ್ಡೆಯಾಗುವುದರಿಂದ ಕೋಶದ ಒಳಭಾಗಕ್ಕೆ ಹಾನಿ ತಟ್ಟದು. ನಡುವೆ ಅಕಾಲದ ಸೆಕೆ ಕೆಲವು ದಿನ ನಿಂತರೆ ಈ ಹದ ಕೆಡುವುದು. ಉಷ್ಣತೆಯು ಚಂಚಲವಾದುದು, ಹಗಲಿನ ಅಳತೆಯೋ ವರ್ಷವರ್ಷವೂ ತಪ್ಪದು. ಆದುದರಿಂದ ಹಗಲು ಮುನ್ಸೂಚನೆಯನ್ನು ಕೊಡುವುದು, ಚಳಿ ಹದಗೊಳಿಸುವುದು ಎಂದು ಹೇಳಬಹುದು.

ಹಗಲಿನ ಅಳತೆಗೆ ಸಸ್ಯಗಳು ವಶವಾಗಿರುವುದನ್ನು ಅಮೆರಿಕದ ಗಾರ್ನರ್, ಅಲ್ಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಅವರೆ ಮೊದಲಾದವುಗಳ ಮೇಲೆ ಪ್ರಯೋಗ ನಡೆಸಿ ೧೯೨೦ರಲ್ಲಿ ಪ್ರಕಟಿಸಿದರು. ಸಸ್ಯವು ವಾಸ್ತವವಾಗಿ ಅಳೆಯುವುದು ಇರುಳಿನ ಅವಧಿಯನ್ನು ಎಂಬುದು ಅನಂತರದ ಶೋಧನೆಗಳಿಂದ ತಿಳಿದುಬಂದಿತು.

ಈಗ ನಮ್ಮ ಸೀಮೆಯನ್ನು ನೋಡೋಣ. ಇದು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿಯ ಅತಿ ದೀರ್ಘವಾದ ಹಗಲು ಸುಮಾರು ೧೨ ಗಂಟೆ ೫೦ ನಿಮಿಷ. ಅತಿ ಹ್ರಸ್ವವಾದುದು ಸುಮಾರು ೧೧ ಗಂಟೆ ೨೦ ನಿಮಿಷ. ೫೦ ಡಿಗ್ರಿ ಅಕ್ಷಾಂಶದಲ್ಲಾದರೆ ಇವು ಸುಮಾರು ೧೬ ಮತ್ತು ೮ ಗಂಟೆಗಳು. ಚಳಿಯ ವಿಷಯಕ್ಕೆ ಬಂದರೆ, ಬೆಂಗಳೂರಿನಲ್ಲಿ ದಾಖಲಾಗಿರುವ ಕನಿಷ್ಠ ಉಷ್ಣತೆ ೧೮೮೪ನೆಯ ಜನವರಿ ೧೩ರ ೭.೮ ಡಿಗ್ರಿ ಸೆಲ್ಸಿಯಸ್. ಶೀತದೇಶದ ಲೂಸರ್ನ್ ತಳಿಯನ್ನು ಇಲ್ಲಿ ಬಿತ್ತಿದರೆ, ಎಂದಿಗೂ ಬಾರದ ಹಿಮಕ್ಕಾಗಿ ಅದು ಬೆಳವಣಿಗೆಯನ್ನು ಹಿಡಿದಿಟ್ಟುಕೊಳ್ಳುವುದು; ರೈತನಿಗೆ ಕೊಯ್ಲು ಕಡಮೆಯಾಗುವುದು. ಹೀಗೆ ನಿದ್ರಿಸದ ತಳಿಗಳೇ ಇಲ್ಲಿಗೆ ಯೋಗ್ಯವಾದುವು.

ಒಂದೂವರೆ ಗಂಟೆಯ ವ್ಯತ್ಯಾಸವು ಅತ್ಯಲ್ಪವೆಂದು ಯಾರಾದರೂ ಆಕ್ಷೇಪಿಸಿದರೆ, ನಮ್ಮ ಹೊಲದ ಅವರೆಯೇ ಅದಕ್ಕೆ ಸಮಾಧಾನ ಹೇಳುವುದು. ಮುಂಗಾರಿನಲ್ಲಿ ರಾಗಿಯೊಡನೆ ಬಿತ್ತಿದ ನಾಟಿ ಅವರೆಯು ಹಗಲು ಕುಗ್ಗುವವರೆಗೂ ಹೂ ಬಿಡದೆ ಕಾದು, ಡಿಸೆಂಬರ್ ಜನವರಿಗಳಲ್ಲಿ ಕಾಯಿ ತುಂಬುವುದು. ಶೀತದೇಶದ ಗಿಡಕ್ಕೆ ಹಿಮವನ್ನು ತಿಳಿಸುವ ಅದೇ ಸೂಚನೆಯು ನಮ್ಮ ಅವರೆಗೆ ಮಳೆಗಾಲದ ಮುಕ್ತಾಯವನ್ನು ತಿಳಿಸುವುದು. ಕಾಯಿ ಬಿಡಿಸಿದ ಮೇಲೆ ಬಳ್ಳಿ ದನಗಳಿಗೆ ಮೇವಾಗುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಬೆಳಸಿದ ಹೆಬ್ಬಾಳ ಅವರೆ-೩ ಮೊದಲಾದ ತಳಿಗಳು ಈ ಕಟ್ಟನ್ನು ಮೀರಿ ಎಲ್ಲ ಕಾಲದಲ್ಲಿಯೂ ಹೂ ಬಿಡುವುವು. ಆದರೆ ಅವು ಕುಳ್ಳಗಿಡಗಳಾದುದರಿಂದ ಉದ್ದ ಬಳ್ಳಿಯ ಮೇವನ್ನು ಅವುಗಳಿಂದ ನಿರೀಕ್ಷಿಸುವಂತಿಲ್ಲ.

ಇದರ ತಾತ್ಪರ್ಯವಿಷ್ಟೆ: ಮೇವಿನ ಬೀಜವನ್ನು ಆರಿಸುವಾಗ ಉಷ್ಣಮಾಪಕವೊಂದನ್ನೇ ನಂಬಬಾರದು; ಆ ಬೀಜದ ತವರಿನ ಹಗಲು ಎಷ್ಟು ಉದ್ದವೆಂಬುದನ್ನೂ ವಿಚಾರಿಸಬೇಕು.